ಬೋಳಿಸಿದರೆ ಗುಂಗುರು ಹೋಗುತ್ತಾ?

ಕುಂಬಳೆ ಮಾವ: ನಮ್ಮ ಮನೆಯವರ ಗ್ರೂಪಿನಲ್ಲಿ ನಾನು ಹಾಕಿದ ವೀಡಿಯೋ ಎಲ್ಲರೂ ನೋಡಿ. ಎರಡು ಸಲ ಬೋಳಿಸಿದರೆ ಗುಂಗುರು ಹೋಗಿ ನೇರ ಕೂದಲು ಬರುತ್ತದಂತೆ. ಮಳೆ ಬಿಟ್ಟ ಮೇಲೆ ಪುಟ್ಟಿಗೂ ಮಾಡಿಸಿ.

ನೀರ್ಚಾಲು ಅಕ್ಕ: ಮಾವ, ಅದು ಸುಳ್ಳು. ಗುಂಗುರು ಬರುವುದು ಚರ್ಮದ ಒಳಗೆ ಕೂದಲಿನ ಬೇರು ಕೂತ ಗುಳಿಯ ಆಕಾರದಿಂದ. ಕತ್ತಿ ಮೇಲಿನದ್ದನ್ನು ಮಾತ್ರ ತೆಗೆಯುತ್ತದೆ, ಗುಳಿ ಹಾಗೇ ಉಳಿಯುತ್ತದೆ.

ಬದಿಯಡ್ಕ ಅತ್ತೆ: ಮತ್ತೆ ನಮ್ಮ ಅಣ್ಣನ ಮಗನಿಗೆ ಧರ್ಮಸ್ಥಳದಲ್ಲಿ ಮುಡಿ ಕೊಟ್ಟ ಮೇಲೆ ಕಮ್ಮಿ ಆಯಿತಲ್ಲ?

ನೀರ್ಚಾಲು ಅಕ್ಕ: ಬೆಳೆಯುವಾಗ ಮಕ್ಕಳ ಕೂದಲು ತಾನಾಗಿ ಬದಲಾಗುವುದುಂಟು ಅತ್ತೆ, ಬೋಳಿಸದಿದ್ದರೂ. ಹರಕೆ ಇದ್ದರೆ ಹೇಳಿ, ಖಂಡಿತ ಕೊಡೋಣ. ನೇರ ಆಗಲಿ ಅಂತ ಮಾತ್ರ ಬೇಡ.

ಬದಿಯಡ್ಕ ಅತ್ತೆ: ಬಾಚುವಾಗ ಮಗು ಕೂಗುವುದು ಕೇಳಲಿಕ್ಕಾಗುವುದಿಲ್ಲ. ಬಿಗಿಯಾಗಿ ಜುಟ್ಟು ಕಟ್ಟಿಬಿಡಿ, ಸಿಕ್ಕಾಗುವುದಿಲ್ಲ.

ನೀರ್ಚಾಲು ಅಕ್ಕ: ಬಿಗಿ ಜುಟ್ಟು ಬೇಡವೇ ಬೇಡ, ದಿನಾ ಎಳೆದರೆ ಹಣೆಯ ಹತ್ತಿರ ಕೂದಲು ಉದುರುತ್ತದೆ. ಕೂಗುವುದು ಒಣ ಕೂದಲು ಬಾಚುವುದಕ್ಕೆ. ಬುಡದ ಎಣ್ಣೆಯಂಶ ಸುರುಳಿ ದಾಟಿ ತುದಿಗೆ ಇಳಿಯುವುದಿಲ್ಲ, ಹಾಗಾಗಿ ತುದಿ ಯಾವಾಗಲೂ ಒರಟು. ಒದ್ದೆ ಇರುವಾಗ ಕಂಡೀಷನರ್ ಹಚ್ಚಿ, ಬುಡವನ್ನು ಕೈಯಲ್ಲಿ ಹಿಡಿದುಕೊಂಡು, ದೊಡ್ಡ ಹಲ್ಲಿನ ಬಾಚಣಿಗೆಯಿಂದ ತುದಿಯ ಸಿಕ್ಕು ಮೊದಲು ಬಿಡಿಸಿ, ಆಮೇಲೆ ಸ್ವಲ್ಪ ಸ್ವಲ್ಪ ಮೇಲೆ ಬನ್ನಿ. ಬೈರಾಸಿನಲ್ಲಿ ಉಜ್ಜಬೇಡಿ, ಒತ್ತಿ ನೀರು ತೆಗೆದರೆ ಸಾಕು. ಶಾಂಪೂ ವಾರಕ್ಕೆ 1 ಅಥವಾ 2 ಸಲ, ಜಾಸ್ತಿ ಬೇಡ.

ಪೆರ್ಲ ಚಿಕ್ಕಮ್ಮ: ಅಂಗಡಿಯದ್ದು ಯಾಕೆ ಮಾರಾಯ್ತಿ? ಹಿತ್ತಲಲ್ಲಿ ದಾಸವಾಳ ಉಂಟು, ಎಲೆ ಕಿವುಚಿ ಗೊಂಪು, ಅಂದರೆ ತಲೆಗೆ ಹಚ್ಚುವ ಲೋಳೆ, ಮಾಡಿದರಾಯಿತು.

ನೀರ್ಚಾಲು ಅಕ್ಕ: ಒಳ್ಳೆಯದೇ ಚಿಕ್ಕಮ್ಮ, ಬಾಚಣಿಗೆ ಜಾರುತ್ತದೆ. ಆದರೆ ಬಟ್ಟೆಯಲ್ಲಿ ಸೋಸಿ, ಎಲೆಯ ಚೂರು ಸುರುಳಿಯೊಳಗೆ ಸಿಕ್ಕಿದರೆ ಹೆಕ್ಕುವುದೇ ದೊಡ್ಡ ಕೆಲಸ. ಕಣ್ಣಿಗೆ ಹೋಗದ ಹಾಗೆ ನೋಡಿ. ಮೀಯಿಸುವ ಮೊದಲು ತೆಂಗಿನೆಣ್ಣೆಯೂ ಹಚ್ಚಿ, ಅದು ಕೂದಲಿನ ಒಳಗೂ ಇಳಿಯುತ್ತದೆ.

ಕುಂಬಳೆ ಮಾವ: ಇಷ್ಟೆಲ್ಲ ಮಾಡಿದರೂ ನಮ್ಮ ಮಳೆಗಾಲದಲ್ಲಿ ತಲೆ ಉಬ್ಬಿಕೊಂಡೇ ಇರುತ್ತದಲ್ಲ?

ನೀರ್ಚಾಲು ಅಕ್ಕ: ಇರಲಿ ಮಾವ. ಗಾಳಿಯ ತೇವಕ್ಕೆ ಗುಂಗುರು ಉಬ್ಬುವುದೇ, ಅದು ರೋಗ ಅಲ್ಲ. ಪುಟ್ಟಿಯ ಎದುರಲ್ಲಿ ಮಾತ್ರ ‘ಈ ಕೂದಲು ಸರಿ ಇಲ್ಲ’ ಅನ್ನಬೇಡಿ, ದಯವಿಟ್ಟು. ಅವಳಿಗೆ ಈಗ ಮಾತು ಅರ್ಥ ಆಗುತ್ತದೆ.

ಕುಂಬಳೆ ಮಾವ: ಆಯಿತು, ಅನ್ನುವುದಿಲ್ಲ. ಆದರೆ ಬೋಳಿಸಿದರೆ ದಪ್ಪ ಬರುತ್ತದೆ ಅನ್ನುವುದನ್ನು ನಾನು ಬಿಡುವುದಿಲ್ಲ.

ನೀರ್ಚಾಲು ಅಕ್ಕ: ಅದೂ ಇಲ್ಲ ಮಾವ! ಕತ್ತರಿಸಿದ ತುದಿ ಮೊಂಡಾಗಿರುತ್ತದೆ, ಅದಕ್ಕೆ ದಪ್ಪ ಕಾಣುವುದು. ಭಾನುವಾರ ಬರುತ್ತೇನೆ, ಕೂತು ಮಾತಾಡೋಣ.