ಮೈಎಸ್‌ಕ್ಯೂಎಲ್‌ಕ್ಲೈಂಟ್ ಬಿಲ್ಡ್ ಆಗ್ತಿಲ್ಲ, ಜಿಸಿಸಿ (ಸಿ ಕಂಪೈಲರ್), ಡೆವ್ ಪ್ಯಾಕೇಜ್ ಎಲ್ಲಾ ಇದೆ

ಹೊಸಚಿಗುರು:
ಜಾಂಗೋ (ಪೈಥಾನ್ ವೆಬ್ ಫ್ರೇಮ್‌ವರ್ಕ್) ಪ್ರಾಜೆಕ್ಟಿಗೆ ಪಿಪ್‌ನಲ್ಲಿ (ಪೈಥಾನ್ ಪ್ಯಾಕೇಜ್ ಹಾಕೋ ಟೂಲ್) ಮೈಎಸ್‌ಕ್ಯೂಎಲ್‌ಕ್ಲೈಂಟ್, ಅಂದ್ರೆ ಮೈಎಸ್‌ಕ್ಯೂಎಲ್ ಡೇಟಾಬೇಸ್ ಡ್ರೈವರ್, ಹಾಕೋಕೆ ಹೋದ್ರೆ ಪ್ರತಿ ಸಲ ಒಂದೇ ಗೋಳು. ಕೊನೇ ಸಾಲು: "ಕಮಾಂಡ್ ಜಿಸಿಸಿ ಫೇಲ್ಡ್ ವಿತ್ ಎಕ್ಸಿಟ್ ಕೋಡ್ 1". ಬಿಲ್ಡ್-ಎಸೆನ್ಷಿಯಲ್, ಪೈಥಾನ್3-ಡೆವ್, ಡಿಫಾಲ್ಟ್-ಲಿಬ್‌ಮೈಎಸ್‌ಕ್ಯೂಎಲ್‌ಕ್ಲೈಂಟ್-ಡೆವ್ ಮೂರೂ ಇದೆ. ಇನ್ನೇನು ಬೇಕು ಇದಕ್ಕೆ? ತಲೆ ಕೆಟ್ಟುಹೋಗಿದೆ.

ಶೆಲ್‌ಶೂರ:
ಪಿಕೆಜಿ-ಕಾನ್ಫಿಗ್ (ಲೈಬ್ರರಿ ಎಲ್ಲಿದೆ ಅಂತ ಬಿಲ್ಡ್‌ಗೆ ಹೇಳೋ ಟೂಲ್) ಇಲ್ಲ ಅನ್ಸುತ್ತೆ. ಮೈಎಸ್‌ಕ್ಯೂಎಲ್‌ಕ್ಲೈಂಟ್ 2.2ರಿಂದ ಅದು ಕಡ್ಡಾಯ. ಆಪ್ಟ್‌ನಲ್ಲಿ ಹಾಕಿ, ಸರಿಹೋಗುತ್ತೆ.

ಹೊಸಚಿಗುರು:
ಅದೂ ಇದೆ. ಅದೇ ಎರರ್.

ಶೆಲ್‌ಶೂರ:
ಹಾಗಾದ್ರೆ ಪಿಕೆಜಿ_ಕಾನ್ಫಿಗ್_ಪಾತ್ (ಅದು ಹುಡುಕೋ ಜಾಗ) ತಪ್ಪಿರಬೇಕು. ಎಕ್ಸ್‌ಪೋರ್ಟ್ ಮಾಡಿ ನೋಡಿ. ಆಗದಿದ್ರೆ ಮೈಎಸ್‌ಕ್ಯೂಎಲ್‌ಕ್ಲೈಂಟ್_ಸಿಫ್ಲಾಗ್ಸ್, ಎಲ್‌ಡಿಫ್ಲಾಗ್ಸ್ ಎರಡನ್ನೂ (ಕಂಪೈಲರ್, ಲಿಂಕರ್‌ಗೆ ಹೋಗೋ ಆಯ್ಕೆಗಳು) ಕೈಯಾರೆ ಕೊಡಿ.

ಘಟ್ಟದಕೋಡು:
ಶೆಲ್‌ಶೂರ ಅವ್ರೇ, ಪಿಕೆಜಿ-ಕಾನ್ಫಿಗ್ ಬಿಟ್ಟುಬಿಡಿ. ಫ್ಲಾಗ್‌ಗಳನ್ನ ಮೊದಲು ಅದರಿಂದ ತಗೊಂಡ ಮೇಲೇ ಜಿಸಿಸಿ ಶುರುವಾಗೋದು. ಜಿಸಿಸಿವರೆಗೆ ಬಂದಿದೆ ಅಂದ್ರೆ ಆ ಹಂತ ದಾಟಿಯಾಯ್ತು.
ಹೊಸಚಿಗುರು, ಕೊನೇ ಸಾಲಿಂದ ಏನೂ ಗೊತ್ತಾಗಲ್ಲ. ಮೇಲಕ್ಕೆ ಸ್ಕ್ರಾಲ್ ಮಾಡಿ, "ಫೇಟಲ್ ಎರರ್" ಅಂತ ಮೊದಲು ಬರೋ ಸಾಲು ಹಾಕಿ. ಯಾವ ಉಬುಂಟು, ವೆನ್ವ್ (ಪ್ರಾಜೆಕ್ಟಿನ ಪ್ರತ್ಯೇಕ ಪೈಥಾನ್ ಪರಿಸರ) ಒಳಗಿರೋ ಪೈಥಾನ್ ಯಾವುದು, ಅದನ್ನೂ ಹೇಳಿ.

ಹೊಸಚಿಗುರು:
"ಪೈಥಾನ್.ಎಚ್: ನೋ ಸಚ್ ಫೈಲ್ ಆರ್ ಡೈರೆಕ್ಟರಿ". ಉಬುಂಟು 22.04, ಪೈಥಾನ್ 3.12, ಡೆಡ್‌ಸ್ನೇಕ್ಸ್ ಪಿಪಿಎಯಿಂದ (ಉಬುಂಟುವಿಗೆ ಬೇರೆ ವರ್ಷನ್ ಪೈಥಾನ್ ಕೊಡೋ ಹೊರಗಿನ ಭಂಡಾರ).

ಘಟ್ಟದಕೋಡು:
ಸಿಕ್ತು. 22.04ರ ಸ್ವಂತ ಪೈಥಾನ್ 3.10. ಪೈಥಾನ್3-ಡೆವ್ ಹಾಕಿದ್ರೆ ಬರೋದು ಅದರ ಹೆಡರ್‌ಗಳು (ಪೈಥಾನ್.ಎಚ್ ತರದ, ಕಂಪೈಲ್‌ಗೆ ಬೇಕಾದ ಫೈಲ್‌ಗಳು) ಮಾತ್ರ. ನಿಮ್ಮ ಲಾಗ್‌ನಲ್ಲಿ ಜಿಸಿಸಿ ಸಾಲು ನೋಡಿ: ದೊಡ್ಡಕ್ಷರದ -ಐ ಪಕ್ಕ ಯೂಎಸ್‌ಆರ್/ಇನ್‌ಕ್ಲೂಡ್/ಪೈಥಾನ್3.12 ಅಂತ ಇರುತ್ತೆ. ಆ ಫೋಲ್ಡರಿಗೆ ಎಲ್‌ಎಸ್ ಕೊಡಿ, ಪೈಥಾನ್.ಎಚ್ ಇರಲ್ಲ. ಪಕ್ಕದ ಪೈಥಾನ್3.10ರಲ್ಲಿ ಇರುತ್ತೆ.
ಸುಡೋ ಆಪ್ಟ್ ಇನ್‌ಸ್ಟಾಲ್ ಪೈಥಾನ್3.12-ಡೆವ್. ಅಷ್ಟೇ, ವೆನ್ವ್ ಅಳಿಸೋದು ಬೇಡ. 3.10ರ ಹೆಡರ್‌ಗಳಿಗೆ ಸಿಮ್‌ಲಿಂಕ್ (ಶಾರ್ಟ್‌ಕಟ್) ಮಾತ್ರ ದಯವಿಟ್ಟು ಮಾಡಬೇಡಿ. ವರ್ಷನ್ನಿಂದ ವರ್ಷನ್ನಿಗೆ ಒಳಗಿನ ಸ್ಟ್ರಕ್ಟ್‌ಗಳು ಬದಲಾಗಿವೆ. ಕಂಪೈಲ್ ಆದ್ರೂ ಓಡುವಾಗ ಸೆಗ್‌ಫಾಲ್ಟ್ ಆಗಿ ಪ್ರೋಗ್ರಾಂ ಬೀಳಬಹುದು.

ನೀಲಿಪರದೆ:
ಇಷ್ಟೆಲ್ಲ ಯಾಕೆ? ಪೈಮೈಎಸ್‌ಕ್ಯೂಎಲ್ ಹಾಕಿ. ಅದೂ ಮೈಎಸ್‌ಕ್ಯೂಎಲ್ ಡ್ರೈವರ್ರೇ, ಶುದ್ಧ ಪೈಥಾನ್, ಕಂಪೈಲರೇ ಬೇಡ.

ಶೆಲ್‌ಶೂರ:
ಜಾಂಗೋ ಡಾಕ್ಯುಮೆಂಟೇ ಮೈಎಸ್‌ಕ್ಯೂಎಲ್‌ಕ್ಲೈಂಟ್ ಬಳಸಿ ಅನ್ನುತ್ತೆ. ದೊಡ್ಡ ರಿಸಲ್ಟ್ ಸೆಟ್ ಓದುವಾಗ ವೇಗದ ವ್ಯತ್ಯಾಸ ಚೆನ್ನಾಗಿ ಕಾಣುತ್ತೆ.

ನೀಲಿಪರದೆ:
ಸಣ್ಣ ಸೈಟಿಗೆ ಕಾಣಲ್ಲ. ನಾಲ್ಕು ಡೆವ್ ಪ್ಯಾಕೇಜ್ ಎಲ್ಲಾ ಸರ್ವರಲ್ಲೂ ಹೊತ್ಕೊಂಡು ತಿರುಗೋದಕ್ಕಿಂತ ವಾಸಿ.

ಬೈಟ್‌ಬುಟ್ಟಿ:
ಯುವಿ (ಪೈಥಾನ್, ಪ್ಯಾಕೇಜ್ ಎರಡನ್ನೂ ನೋಡ್ಕೊಳ್ಳೋ ಟೂಲ್) ಇಳಿಸಿಕೊಡೋ ಪೈಥಾನ್‌ನಲ್ಲಿ ಹೆಡರ್ ಜೊತೆಗೇ ಬರುತ್ತೆ, ಡೆವ್ ಪ್ಯಾಕೇಜಿನ ಗೊಡವೆ ಇಲ್ಲ. ಹಳೇ ಯುವಿಯಲ್ಲಿ ಕ್ಲ್ಯಾಂಗ್ (ಇನ್ನೊಂದು ಕಂಪೈಲರ್) ಸಿಗಲಿಲ್ಲ ಅಂದ್ರೆ ಸಿಸಿ=ಜಿಸಿಸಿ ಕೊಟ್ಟು ಓಡಿಸಿ. ನನ್ನದು 16 ಕೋರ್ ರೈಜನ್, 64 ಜಿಬಿ ರ‍್ಯಾಮ್, ಸಿಕ್ಯಾಶ್ (ಕಂಪೈಲ್ ಆಗಿದ್ದನ್ನ ಉಳಿಸಿಡೋ ಟೂಲ್) ಕೂಡ ಇದೆ. ಬಿಲ್ಡ್ ಕಣ್ಣುಮುಚ್ಚಿ ತೆಗೆಯೋದ್ರೊಳಗೆ ಮುಗಿಯುತ್ತೆ.

ಘಟ್ಟದಕೋಡು:
ಇದರಲ್ಲಿ ಕಂಪೈಲ್ ಆಗೋದು ಒಂದೇ ಸಿ ಫೈಲ್. 16 ಕೋರ್ ಇದ್ರೂ ಕೆಲಸ ಒಂದಕ್ಕೇ.

ಹೊಸಚಿಗುರು:
3.12-ಡೆವ್ ಹಾಕಿದೆ, ಬಿಲ್ಡ್ ಆಯ್ತು! ಆದ್ರೆ ಅದೇ ವೆನ್ವ್ ಡಾಕರ್‌ಗೆ (ಆ್ಯಪ್ ಪ್ರತ್ಯೇಕವಾಗಿ ಓಡಿಸೋ ಕಂಟೇನರ್) ಕಾಪಿ ಮಾಡಿದ್ರೆ ಇಂಪೋರ್ಟ್ ಎರರ್: ಲಿಬ್‌ಮೈಎಸ್‌ಕ್ಯೂಎಲ್‌ಕ್ಲೈಂಟ್.ಎಸ್‌ಒ.21 ಇಲ್ಲ ಅಂತೆ.

ಘಟ್ಟದಕೋಡು:
ಇಮೇಜ್ ಪೈಥಾನ್:3.12-ಸ್ಲಿಮ್ ತಾನೇ? ಅದು ಡೆಬಿಯನ್. ಅಲ್ಲಿ ಡಿಫಾಲ್ಟ್-ಲಿಬ್‌ಮೈಎಸ್‌ಕ್ಯೂಎಲ್‌ಕ್ಲೈಂಟ್-ಡೆವ್ ಅಂದ್ರೆ ಮರಿಯಾಡಿಬಿ (ಮೈಎಸ್‌ಕ್ಯೂಎಲ್‌ನಿಂದ ಕವಲೊಡೆದ ಡೇಟಾಬೇಸ್), ಉಬುಂಟುವಿನ ಆ .21 ಸಿಗಲ್ಲ. ವೆನ್ವ್ ಕಾಪಿ ಮಾಡಬೇಡಿ. ಡಾಕರ್‌ಫೈಲ್‌ನಲ್ಲಿ ಎರಡು ಹಂತ ಮಾಡಿ: ಮೊದಲನೇದ್ರಲ್ಲಿ ಬಿಲ್ಡ್-ಎಸೆನ್ಷಿಯಲ್, ಪಿಕೆಜಿ-ಕಾನ್ಫಿಗ್, ಆ ಡೆವ್ ಪ್ಯಾಕೇಜ್ ಹಾಕಿ ಪಿಪ್ ವೀಲ್ ಓಡಿಸಿ (ವೀಲ್ ಅಂದ್ರೆ ಕಂಪೈಲ್ ಆಗಿರೋ ಪ್ಯಾಕೇಜ್ ಫೈಲ್), ಎರಡನೇದ್ರಲ್ಲಿ ಲಿಬ್‌ಮರಿಯಾಡಿಬಿ3 ಮಾತ್ರ ಹಾಕಿ ಆ ವೀಲ್ ಇನ್‌ಸ್ಟಾಲ್ ಮಾಡಿ. ಪೈಥಾನ್ ಹೆಡರ್ ಆ ಇಮೇಜಿನಲ್ಲೇ ಇದೆ, ಆಪ್ಟ್‌ನಿಂದ ಪೈಥಾನ್3-ಡೆವ್ ತರಬೇಡಿ. ಆಮೇಲೂ ಇಂಪೋರ್ಟ್ ಆಗದಿದ್ರೆ _ಮೈಎಸ್‌ಕ್ಯೂಎಲ್ ಎಸ್‌ಒ ಫೈಲಿಗೆ ಎಲ್‌ಡಿಡಿ (ಯಾವ ಲೈಬ್ರರಿ ಬೇಕು ಅಂತ ತೋರಿಸೋ ಕಮಾಂಡ್) ಕೊಟ್ಟು "ನಾಟ್ ಫೌಂಡ್" ಬಂದ ಸಾಲು ಇಲ್ಲಿ ಹಾಕಿ.

ನೀಲಿಪರದೆ:
ಪೈಮೈಎಸ್‌ಕ್ಯೂಎಲ್ ಆಗಿದ್ರೆ ಈ ಎರಡು ಹಂತವೂ ಬೇಕಿರಲಿಲ್ಲ.