ಪದಚರ್ಚೆ: ಹಳೆಯ ಕ್ಯೂಗಳ ಕಚ್ಚು, ಮೊನೆ, ಅಣಸು

ಪ್ರಶ್ನೆ, ಕೋಲಾರದಿಂದ:

ಹಳೆಯ ಬಿಲಿಯರ್ಡ್ಸ್, ಸ್ನೂಕರ್, ಪೂಲ್ ಕ್ಯೂಗಳ (ಚೆಂಡು ಹೊಡೆಯುವ ಕೋಲುಗಳ) ಸಂಗ್ರಹವೊಂದಕ್ಕೆ ಕನ್ನಡದಲ್ಲಿ ವಿವರಪಟ್ಟಿ ತಯಾರಾಗುತ್ತಿದೆ. ಅರ್ಧದಷ್ಟು ಕೆಜಿಎಫ್ ಕಡೆಯಿಂದ ಬಂದ ಇಂಗ್ಲಿಷ್ ಕೋಲುಗಳು, ಉಳಿದವು ಅಮೆರಿಕದ ಕೈಕೆಲಸದ ಪೂಲ್ ಕ್ಯೂಗಳು. ಆಟದ ಮನೆಗಳಲ್ಲಿ ಎಲ್ಲಕ್ಕೂ ‘ಸ್ಟಿಕ್’ ಅಂದುಬಿಡುತ್ತಾರೆ, ಪಟ್ಟಿಗೆ ಅದು ಸಾಲದು. ‘ಹಳೇ ಕ್ಯೂ’ ಅಂತ ಬರೆದರೆ ಪಡಿತರದಂಗಡಿಯ ಸಾಲು ನೆನಪಾಗುತ್ತದೆ ಅನ್ನುವವರಿದ್ದಾರೆ. ಎರಡೂ ಫ್ರೆಂಚ್‌ನ ಬಾಲ ಎಂಬರ್ಥದ ಒಂದೇ ಪದದಿಂದ ಬಂದವು, ಅದಿರಲಿ.

ನಿಜವಾದ ತೊಡಕು ‘ಜಾಯಿಂಟ್’ನಲ್ಲಿ. ಕೋಲನ್ನು ಎರಡಾಗಿ ಬಿಚ್ಚುವ ತಿರುಪಿನ ಜಾಗಕ್ಕೂ ಜಾಯಿಂಟ್, ಬುಡದಲ್ಲಿ ಕರಿಮರ ಬಿಳಿಮರ ಒಂದರೊಳಗೊಂದು ಹೊಕ್ಕು ಅಂಟಿರುವ ಜಾಗಕ್ಕೂ ಜಾಯಿಂಟ್. ‘ನಾಲ್ಕು ಪಾಯಿಂಟ್, ಜಾಯಿಂಟ್ ಗಟ್ಟಿ’ ಅಂತ ಬರೆದರೆ ಯಾವುದು ಗಟ್ಟಿ ಅಂತ ತಿಳಿಯುವುದು ಹೇಗೆ? ಬುಡದಲ್ಲಿ ಒಂದು ಮರ ಇನ್ನೊಂದರೊಳಗೆ ಚೂಪಾಗಿ ಏರಿ ಕಾಣುವ ‘ಪಾಯಿಂಟ್’ಗೆ ‘ಮೊನೆ’ ಅಂದರೆ ಸಾಕೇ? ತುದಿಯ ಚರ್ಮದ ಕೆಳಗಿನ ಗಿಡ್ಡ ಕೊಳವೆ ‘ಫೆರೂಲ್’ಗೆ ನಮ್ಮಲ್ಲಿ ಮಾತಿದೆಯೇ? ‘ಫೋರ್‌ಆರ್ಮ್’ಗೆ ಯಾರೋ ‘ಮುಂಗೈ’ ಅಂತ ಹಾಕಿದ್ದಾರೆ, ಓದಿದರೆ ನಗು ಬರುತ್ತದೆ.

ಉತ್ತರ, ತುಮಕೂರಿನಿಂದ:

‘ಮುಂಗೈ’ ಬೇಡವೇ ಬೇಡ. ಜಾಯಿಂಟಿನಿಂದ ದಾರದ ಸುತ್ತಿನವರೆಗಿನ ಭಾಗವನ್ನು ‘ಬುಡದ ಮೇಲ್ಭಾಗ’ ಅನ್ನಿ. ಹಾಗೆಯೇ ಇಡೀ ಬುಡವನ್ನು ‘ಹಿಡಿ’ ಅನ್ನಬೇಡಿ. ಹಿಡಿ ಅಂದರೆ ಕೈ ಕೂರುವ ಸುತ್ತಿನ ಜಾಗ ಮಾತ್ರ, ಸುಮಾರು 12 ಅಂಗುಲ. ಮೊನೆಗಳೇ ಇಲ್ಲದ ಸಾದಾ ಬುಡಕ್ಕೆ ಅಮೆರಿಕದವರು ‘ಮೆರ್ರಿ ವಿಡೋ’ ಅನ್ನುತ್ತಾರೆ. ಅದನ್ನೂ ಕನ್ನಡಿಸಲು ಹೋಗಬೇಡಿ, ‘ಮೊನೆಯಿಲ್ಲದ ಬುಡ’ ಅಂದರೆ ಮುಗಿಯಿತು.

‘ಜಾಯಿಂಟ್’ ತಿರುಪಿನ ಜಾಗಕ್ಕೇ ಮೀಸಲಿರಲಿ. ಮರಕ್ಕೆ ಮರ ಕೂರಿಸುವುದಕ್ಕೆ ಆಚಾರಿಗಳ ‘ಕಚ್ಚು’ ಇದೆ, ಅದನ್ನೇ ಬಳಸಿ. ಕಚ್ಚಿನಲ್ಲಿ ಎರಡು ಬಗೆ. ಒಂದು ‘ಪೂರ್ಣ ಕಚ್ಚು’: ಮೇಲಿನ ಮೇಪಲ್ ಮರ (ಬಿಳಿಮರ) ಮತ್ತು ಕೆಳಗಿನ ಗಟ್ಟಿಮರ ಎರಡನ್ನೂ ನಾಲ್ಕು ಬೆಣೆಯಾಗಿ ಸೀಳಿ, ಒಂದರ ಬೆಣೆ ಇನ್ನೊಂದರ ಸೀಳಿನಲ್ಲಿ ಕೂರುವಂತೆ ಅಂಟಿಸುವುದು. ಇನ್ನೊಂದು ‘ಅರೆ ಕಚ್ಚು’: ಮೇಲ್ಭಾಗದ ಮರದಲ್ಲಿ ವಿ ಆಕಾರದ ಗಾಡಿ (ತೋಡು) ಕೊರೆದು, ಅದರಲ್ಲಿ ಬೇರೆ ಮರದ ಚೌಕ ಪಟ್ಟಿಯನ್ನು ಮೂಲೆಯಾಗಿ ಕೂರಿಸಿ, ಆಮೇಲೆ ಲೇತಿನಲ್ಲಿ ದುಂಡಗೆ ಕಡೆಯುವುದು. ಪಟ್ಟಿಯ ಕೆಳಗೆ ಬಣ್ಣ ಕುಡಿಸಿದ ವಿನಿಯರ್ (ತೆಳು ಮರದ ಹಾಳೆ) ಪದರಗಳನ್ನಿಟ್ಟರೆ ಮೊನೆಯ ಸುತ್ತ ಬಣ್ಣದ ಗೆರೆಗಳು ಬರುತ್ತವೆ. ಅರೆ ಕಚ್ಚಿನ ಬುಡದಲ್ಲಿ ಸುತ್ತಿನ ಕೆಳಗಿನ ಭಾಗ ಬೇರೆಯೇ ತುಂಡು.

ಸುತ್ತು ಬಿಚ್ಚದೆ ಗುರುತಿಸುವುದು ಹೀಗೆ. ಸುತ್ತಿನ ಮೇಲೆ ಕಾಣುವ ಮೊನೆಯ ಮರವನ್ನೂ ಸುತ್ತಿನ ಕೆಳಗಿನ ಮರವನ್ನೂ ಒಂದೇ ಬೆಳಕಿನಲ್ಲಿ ಹಿಡಿದು ನೋಡಿ. ಬಣ್ಣ, ಎಳೆ, ಎಳೆಯ ಓರೆ ಎಲ್ಲ ಒಂದೇ ಆಗಿ ಮುಂದುವರಿದರೆ ಬಹುಮಟ್ಟಿಗೆ ಪೂರ್ಣ ಕಚ್ಚು. ಮೊನೆ ಕರಿಮರದ್ದಾಗಿ ಕೆಳಭಾಗ ಹಕ್ಕಿಕಣ್ಣು ಮೇಪಲ್ (ಕಣ್ಣಿನಂಥ ಚುಕ್ಕೆಗಳ ಮೇಪಲ್) ಆಗಿದ್ದರೆ ಅರೆ ಕಚ್ಚು. ಅಗ್ಗದ ಕೋಲುಗಳಲ್ಲಿ ಮೊನೆ ಬರೀ ಅಚ್ಚು ಹಾಕಿದ ಚಿತ್ರ: ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿಯಲ್ಲಿ ಮುದ್ರಣದ ಚುಕ್ಕೆಗಳು ಕಾಣುತ್ತವೆ, ಮರದ ಎಳೆ ಕಾಣುವುದಿಲ್ಲ. ಅದನ್ನು ‘ಮೊನೆಚಿತ್ರ’ ಅಂತಲೇ ಬರೆಯಿರಿ.

ಈಗ ‘ಮೊನೆ’ಯ ಮಾತು. ಒಂದೇ ಪದ ಸಾಲದು, ಯಾಕೆಂದರೆ ಇಂಗ್ಲಿಷ್ ಕೋಲಿನಲ್ಲೂ ಅಮೆರಿಕದ ಕೋಲಿನಲ್ಲೂ ತುದಿಯ ಆಕಾರಕ್ಕೆ ತಲೆಕೆಳಗಾದ ಅರ್ಥ. ಅಮೆರಿಕದ ಪೂಲ್ ಕ್ಯೂನಲ್ಲಿ ಸೂಜಿಯಂತೆ ಚೂಪಾದ ತುದಿ, ಅದರ ಮೇಲೆ ವಿನಿಯರ್ ಗೆರೆಗಳು ಒಂದೊಂದಾಗಿ ಕೂಡಿ ಮುಗಿಯುವುದು ಅಂದರೆ ವಿ ಗಾಡಿಯ ಕೆಲಸ. ಅದೇ ಕ್ಯೂನಲ್ಲಿ ತುದಿ ಸ್ವಲ್ಪ ಗುಂಡಗಿದ್ದರೆ ಕಂಪ್ಯೂಟರ್ ಯಂತ್ರದ ಸುತ್ತುವ ಬಿಟ್ ಕೊರೆದ ಗುಳಿಯಲ್ಲಿ ಮರ ತುಂಬಿದ್ದು, ಅಂದರೆ ಈಚಿನದು. ಬಿಟ್ ದುಂಡಗಿರುವುದರಿಂದ ಮೂಲೆ ಚೂಪಾಗುವುದಿಲ್ಲ. ಇಂಗ್ಲಿಷ್ ಸ್ನೂಕರ್ ಕೋಲಿನಲ್ಲಿ ಇದರ ಉಲ್ಟಾ: ಚೂಪು ತುದಿ ಯಂತ್ರದ ಕಚ್ಚು, ಉದ್ದನೆಯ ದುಂಡು ತುದಿ ಕೈ ಕಚ್ಚು. ಆ್ಯಶ್ ಮರವನ್ನು ಓರೆಯಾಗಿ ಚಪ್ಪಟೆ ಹೆರೆದು ಎಬನಿ (ಕರಿಮರ) ತುಂಡನ್ನು ಅಂಟಿಸಿ ದುಂಡಗೆ ಕಡೆದಾಗ ತಾನೇ ಆ ಬಾಗು ಬರುತ್ತದೆ. ಆದ್ದರಿಂದ ಮೂರು ಮಾತು ಇಟ್ಟುಕೊಳ್ಳಿ: ‘ಚೂಪು ಮೊನೆ’, ಯಂತ್ರ ಕೊರೆದದ್ದಕ್ಕೆ ‘ಮೊಂಡು ಮೊನೆ’, ಇಂಗ್ಲಿಷ್ ಕೈ ಕಚ್ಚಿಗೆ ‘ಕಮಾನು’. ‘ದುಂಡು ಮೊನೆ’ ಅಂತ ಬರೆದಿರೋ, ಒಳ್ಳೆಯ ಕೋಲಿನ ಬೆಲೆ ಇಳಿಯುತ್ತದೆ, ಸಾಧಾರಣದ್ದರ ಬೆಲೆ ಏರುತ್ತದೆ.

ಮೊನೆಯ ಎತ್ತರವನ್ನೂ ಅಳೆದು ಬರೆಯಿರಿ. ವಿ ಗಾಡಿ ತುದಿಯ ಕಡೆಗೆ ತೆಳುವಾಗುತ್ತ ಹೋಗುತ್ತದೆ. ಪಾಲಿಶ್ ತೆಗೆಯಲು ಮರಳು ಕಾಗದ ಹೆಚ್ಚು ಉಜ್ಜಿದರೆ ಮೊದಲು ಅಳಿಯುವುದು ಆ ತುದಿಯೇ, ಮೊನೆ ಗಿಡ್ಡವಾಗುತ್ತದೆ. ನಾಲ್ಕರಲ್ಲಿ ಒಂದೇ ಗಿಡ್ಡವಿದ್ದರೆ ಲೇತಿನಲ್ಲಿ ನಡು ತಪ್ಪಿ ಕೂರಿಸಿ ಕಡೆದಿದ್ದಾರೆ ಅಂತ ಅರ್ಥ.

ಇನ್ನು ‘ತಯಾರಕ’ ಅಂತ ಒಂದೇ ಅಂಕಣ ಇಟ್ಟರೆ ತಪ್ಪಾಗುತ್ತದೆ. ಅಮೆರಿಕದ ಜಾರ್ಜ್ ಬಲಬುಷ್ಕಾ (1912–1975) 1959ರಲ್ಲಿ ಕ್ಯೂ ಮಾಡಲು ಶುರುಮಾಡಿದಾಗ ಬ್ರನ್ಸ್‌ವಿಕ್ ಕಂಪನಿಯ ಟೈಟ್‌ಲಿಸ್ಟ್ ಕೋಲಿನ ಬುಡವನ್ನೇ ಬಳಸುತ್ತಿದ್ದರು. ಮುಂದೆ ಬರ್ಟನ್ ಸ್ಪೇನ್, ಗಸ್ ಸಾಂಬೋಟಿ ಮಾಡಿಕೊಟ್ಟ ಬ್ಲಾಂಕ್‌ಗಳು (ಕಚ್ಚು ಹಾಕಿದ, ಇನ್ನೂ ಕಡೆದು ಮುಗಿಸದ ಬುಡಗಳು) ಬಂದವು. ಕಚ್ಚು ಹಾಕಿದವರು ಒಬ್ಬರು, ಕಡೆದು ಜಾಯಿಂಟ್ ಕೂರಿಸಿ ಮುಗಿಸಿದವರು ಇನ್ನೊಬ್ಬರು. ಎರಡು ಅಂಕಣ ಬೇಕು. ‘ಬ್ಲಾಂಕ್’ಗೆ ‘ಕಚ್ಚಾ ಬುಡ’ ಅನ್ನಬಹುದಿತ್ತು, ಪಕ್ಕದಲ್ಲೇ ‘ಕಚ್ಚು’ ಇರುವುದರಿಂದ ಗೊಂದಲ. ಬ್ಲಾಂಕ್ ಅಂತಲೇ ಇರಲಿ.

ಉತ್ತರ, ಮಾಲೂರಿನಿಂದ:

ಫೆರೂಲ್‌ಗೆ ಹೊಸ ಮಾತು ಕಟ್ಟಬೇಕಿಲ್ಲ. ಒನಕೆಯ ತುದಿ ಸೀಳದಂತೆ ಹಾಕುವ ಕಬ್ಬಿಣದ ಬಳೆಗೆ ‘ಅಣಸು’ ಅನ್ನುತ್ತಾರೆ. ಕ್ಯೂ ತುದಿಯಲ್ಲೂ ಕೆಲಸ ಅದೇ, ಹೊಡೆತಕ್ಕೆ ಮರ ಸೀಳದಂತೆ ಹಿಡಿದಿಡುವುದು. ಯಾವುದರ ಅಣಸು ಅಂತ ಜೊತೆಗೆ ಬರೆಯಿರಿ. ಸ್ನೂಕರ್ ಕೋಲಿಗೆ ಹಿತ್ತಾಳೆಯದು, ತುದಿಯ ಅಡ್ಡಳತೆ 9.5ರಿಂದ 10 ಮಿಮೀ. ಪೂಲ್ ಕ್ಯೂಗೆ ಬಿಳಿಯದು, ಸುಮಾರು ಒಂದಂಗುಲ ಉದ್ದ, 13 ಮಿಮೀ ಆಸುಪಾಸು.

ಬಿಳಿ ಅಂದಕೂಡಲೇ ‘ದಂತ’ ಅಂತ ಬರೆಯಬೇಡಿ. ಫೈಬರ್, ಮೈಕಾರ್ಟಾ, ಸೆಲ್ಯುಲಾಯ್ಡ್ ಮೊದಲಾದ ಕೃತಕ ವಸ್ತುಗಳೆಲ್ಲವೂ ಹಳದಿಗೆ ತಿರುಗಿದ ಮೇಲೆ ದಂತದಂತೆಯೇ ಕಾಣುತ್ತವೆ. ಆನೆದಂತವಾದರೆ ಅಡ್ಡ ಕೊಯ್ದ ಮುಖದಲ್ಲಿ ಒಂದನ್ನೊಂದು ದಾಟುವ ಬಾಗು ಗೆರೆಗಳಿರುತ್ತವೆ. ಆ ಮುಖ ಚರ್ಮ ಬದಲಿಸುವಾಗ ಮಾತ್ರ ಕಾಣುತ್ತದೆ. ಸೆಲ್ಯುಲಾಯ್ಡ್‌ನಲ್ಲಿ ಬರೀ ಸಮಾನಾಂತರ ಗೆರೆ. ಕಾಯಿಸಿದ ಸೂಜಿ ಚುಚ್ಚಿ ನೋಡುವ ಪದ್ಧತಿ ಬೇಡ, ಸೆಲ್ಯುಲಾಯ್ಡ್ ಭಗ್ಗನೆ ಹತ್ತಿಕೊಳ್ಳುತ್ತದೆ. ದಂತವೇ ಆಗಿದ್ದರೆ ಕೊಳ್ಳುವುದು ಮಾರುವುದು 1972ರ ವನ್ಯಜೀವಿ ಕಾಯಿದೆಯ ಕೆಳಗೆ ಬರುತ್ತದೆ. ನಮ್ಮ ದೇಶದ ಆನೆದಂತಕ್ಕೆ 1986ರ ತಿದ್ದುಪಡಿ, ಹೊರಗಿನಿಂದ ಬಂದದ್ದಕ್ಕೆ 1991ರ ತಿದ್ದುಪಡಿ ಅಡ್ಡಬಂದವು.

ಇಂಗ್ಲಿಷ್ ಕೋಲಿನ ಬುಡದಲ್ಲಿ ಒಂದು ಬದಿ ಚಪ್ಪಟೆ ಹೆರೆದು ಕಂಪನಿಯ ಹೆಸರಿನ ತಗಡು ಕೂರಿಸಿರುತ್ತಾರಲ್ಲ, ಅದಕ್ಕೆ ‘ಬಿಲ್ಲೆ’ ಸರಿಯಾದ ಮಾತು. ಬರೋಸ್ ಆ್ಯಂಡ್ ವಾಟ್ಸ್, ಥರ್ಸ್ಟನ್, ರೈಲಿ ಇವೆಲ್ಲ ಬಿಲ್ಲೆಯಿಂದಲೇ ಗೊತ್ತಾಗುವ ಹೆಸರುಗಳು. ಬಿಲ್ಲೆ ಕಿತ್ತು ಬೇರೆ ಕೋಲಿಗೆ ಹಾಕುವವರಿದ್ದಾರೆ. ಬಿಲ್ಲೆಯ ಅಂಚಿಗೂ ಗುಳಿಗೂ ನಡುವೆ ಹೊಸ ಅಂಟು ಅಥವಾ ಮೇಣ ಕಂಡರೆ ‘ಬಿಲ್ಲೆ ಅನುಮಾನ’ ಅಂತ ಬರೆದುಬಿಡಿ.

ಉತ್ತರ, ಚಿಂತಾಮಣಿಯಿಂದ:

ಜಾಯಿಂಟ್ ಬಗ್ಗೆ ಪದದ ಜೊತೆ ಅಳತೆ ಬರೆಯದಿದ್ದರೆ ಉಪಯೋಗವಿಲ್ಲ. ಹಳೆಯ ಅಮೆರಿಕದ ಕ್ಯೂಗಳಲ್ಲಿ ಹೆಚ್ಚಾಗಿ ಸಿಗುವ ತಿರುಪು ಮೂರು: 5/16–14, 5/16–18, 3/8–10. ಮೊದಲಿನದು ಅಂಗುಲದಲ್ಲಿ ದಪ್ಪ, ಆಮೇಲಿನದು ಒಂದಂಗುಲಕ್ಕೆ ಎಷ್ಟು ಥ್ರೆಡ್ ಎಂಬ ಲೆಕ್ಕ. ವರ್ನಿಯರ್ ಅಳತೆ ಸಾಧನದಲ್ಲಿ 5/16 ಅಂದರೆ 7.94 ಮಿಮೀ, 3/8 ಅಂದರೆ 9.53. ಅರ್ಧ ಅಂಗುಲಕ್ಕೆ ಥ್ರೆಡ್ ಎಣಿಸಿದರೆ 7, 9 ಅಥವಾ 5 ಬರಬೇಕು.

ಲೇತ್ ಅಂಗಡಿಗೆ ಕೊಟ್ಟಾಗ ಕೆಡುವುದು ಇಲ್ಲೇ. 7.94 ಅಳತೆ ನೋಡಿ ‘8 ಎಂಎಂ ಬೋಲ್ಟು’ ಅಂತ ಮೆಟ್ರಿಕ್ ತಿರುಪು ಹಾಕಿಬಿಡುತ್ತಾರೆ. ದಪ್ಪದ ವ್ಯತ್ಯಾಸ ಕೂದಲೆಳೆಯಷ್ಟು. ಆದರೆ ಸಾಮಾನ್ಯ 8 ಎಂಎಂ ಬೋಲ್ಟಿನ ಥ್ರೆಡ್ ಅಂತರ 1.25 ಮಿಮೀ, 5/16–18ರದ್ದು 1.41, 5/16–14ರದ್ದು 1.81. ಮೊದಲ ಎರಡು ಮೂರು ಸುತ್ತು ಸಲೀಸಾಗಿ ಹೋಗಿ ಆಮೇಲೆ ಬಿಗಿಯುತ್ತದೆ. ಅಲ್ಲಿ ಬಲ ಹಾಕಿದರೆ ಶಾಫ್ಟಿನೊಳಗಿನ (ಶಾಫ್ಟ್ ಅಂದರೆ ತುದಿಯ ಕಡೆಯ ತುಂಡು) ಹಿತ್ತಾಳೆ ಥ್ರೆಡ್ ಕಿತ್ತುಹೋಗುತ್ತದೆ.

ಉಕ್ಕಿನ ಬಳೆಯ ಜಾಯಿಂಟ್‌ನಲ್ಲಿ ಶಾಫ್ಟ್ ಕಡೆಯಿಂದ ಹಿತ್ತಾಳೆಯ ಗಿಡ್ಡ ಮೂತಿ ಹೊರಚಾಚಿ ಬುಡದ ಗುಳಿಯಲ್ಲಿ ಕೂರುವುದುಂಟು. ಅದನ್ನು ‘ಮೂತಿ ಜಾಯಿಂಟ್’ ಅನ್ನಿ, ಎರಡು ಮುಖ ನೇರ ತಾಗುವುದನ್ನು ‘ಚಪ್ಪಟೆ ಜಾಯಿಂಟ್’. ಕೋಲನ್ನು ಮೇಜಿನ ಮೇಲೆ ಉರುಳಿಸಿದಾಗ ನಡುವೆ ಎದ್ದು ಬಿದ್ದರೆ ತಕ್ಷಣ ‘ಬಾಗಿದೆ’ ಅಂತ ಬರೆಯಬೇಡಿ. ಬಿಚ್ಚಿ ಎರಡನ್ನೂ ಬೇರೆ ಬೇರೆ ಉರುಳಿಸಿ. ಎರಡೂ ನೇರವಿದ್ದರೆ ಮರದಲ್ಲಿ ದೋಷವಿಲ್ಲ, ಮೂತಿಯ ಗುಳಿಯಲ್ಲಿ ಚಾಕ್ ಪುಡಿಯ ಮುದ್ದೆ ಕೂತಿರುತ್ತದೆ ಇಲ್ಲವೇ ಮುಖ ಓರೆಯಾಗಿರುತ್ತದೆ.

ಕೋಲಾರದಿಂದ ಮತ್ತೆ:

ಎಲ್ಲರಿಗೂ ವಂದನೆ. ಒಂದು ನಮೂನೆ ಹೀಗಾಗಿದೆ: “ಪೂಲ್ ಕ್ಯೂ, ಎರಡು ತುಂಡು, 58 ಅಂಗುಲ. ಅರೆ ಕಚ್ಚು, ನಾಲ್ಕು ಚೂಪು ಮೊನೆ, ಮೊನೆಗೆ ನಾಲ್ಕು ಪದರ ವಿನಿಯರ್. ಅಗಸೆನಾರಿನ ಸುತ್ತು. ಮೂತಿ ಜಾಯಿಂಟ್, 5/16–14. ಅಣಸು ಫೈಬರ್, ಬದಲಾಯಿಸಿದ್ದು. ತೂಕ 19 ಔನ್ಸ್.” ಇನ್ನೇನಾದರೂ ಬಿಟ್ಟಿದೆಯೇ?

ತುಮಕೂರಿನಿಂದ:

ತೂಕದ ಮುಂದೆ ‘ಬೋಲ್ಟು ಸೇರಿ’ ಅಂತ ಹಾಕಿ. ಬುಡದ ರಬ್ಬರ್ ಬಿಚ್ಚಿದರೆ ಒಳಗೆ ತೂಕದ ಬೋಲ್ಟು ಇರುತ್ತದೆ, ಅದನ್ನು ಯಾರು ಬೇಕಾದರೂ ಬದಲಿಸಿರಬಹುದು. ಸುತ್ತಿನ ಮುಂದೆ ಅದು ಮೂಲದ್ದೋ ಹೊಸದೋ ಬರೆಯಿರಿ. ಮತ್ತೆ 58 ಅಂಗುಲ ಅಂದರೆ ಸಾಲದು, ಬುಡ 29, ಶಾಫ್ಟ್ 29 ಅಂತ ಬಿಡಿಸಿ ಬರೆಯಿರಿ. ಚರ್ಮ, ಅಣಸು ಬದಲಿಸುತ್ತ ಹೋದ ಶಾಫ್ಟ್ ಗಿಡ್ಡವಾಗುತ್ತದೆ, ಬುಡ ಆಗುವುದಿಲ್ಲ.