ಟ್ಯಾಲಿ ಸರ್ವರ್‌ಗೆ ರಾತ್ರಿಯೆಲ್ಲ ಯಾರೋ ಲಾಗಿನ್ ಒತ್ತುತ್ತಿದ್ದಾರೆ, ಯಾವ ಫೈರ್‌ವಾಲ್ ತಗೊಳ್ಳಲಿ?

ಲೆಕ್ಕಪುಸ್ತಕ: ದಾವಣಗೆರೆಯಲ್ಲಿ ನಮ್ಮದೊಂದು ಆಡಿಟ್ ಆಫೀಸು. 11 ಕಂಪ್ಯೂಟರ್, ವಿಂಡೋಸ್ ಸರ್ವರ್‌ನಲ್ಲಿ ಟ್ಯಾಲಿ, ಕ್ಯಾಮೆರಾಗಳಿಗೆ ಒಂದು ಡಿವಿಆರ್. 200 ಎಂಬಿಪಿಎಸ್ ಲೈನು, ಸ್ಟ್ಯಾಟಿಕ್ ಐಪಿ. ಮನೆಯಿಂದ ಟ್ಯಾಲಿ ನೋಡೋಕೆ ಅಂತ ರಿಮೋಟ್ ಡೆಸ್ಕ್‌ಟಾಪ್ ಹಾಕಿಸಿದ್ದೆ. ಮೊನ್ನೆ ಬೆಳಿಗ್ಗೆ ನನ್ನ ಅಕೌಂಟೇ ಲಾಕ್! ವಿಂಡೋಸ್ ಲಾಗ್ ತೋರಿಸುವ ಈವೆಂಟ್ ವ್ಯೂವರ್ ತೆಗೆದರೆ ಸಾಲಾಗಿ 4625, 4625, ಅಂದ್ರೆ ಲಾಗಿನ್ ವಿಫಲ. ಯೂಸರ್ ಹೆಸರು ಅಡ್ಮಿನ್, ಟೆಸ್ಟ್, ಟ್ಯಾಲಿ, ಹೀಗೆ. ಅಂಗಡಿಯವರು ಫೋರ್ಟಿಗೇಟ್ 40ಎಫ್ ಅನ್ನೋ ಫೈರ್‌ವಾಲ್ ಡಬ್ಬ ಅಂತಾರೆ, ಲೈಸೆನ್ಸ್ ದುಡ್ಡು ಬೇರೆ. ನನ್ನ ತಮ್ಮ, ಹಳೇ ಪಿಸಿಗೆ ಓಪಿಎನ್‌ಸೆನ್ಸ್ ಅನ್ನೋ ಫೈರ್‌ವಾಲ್ ಸಾಫ್ಟ್‌ವೇರ್ ಹಾಕೋಣ ಅಂತಾನೆ. ಸುಮ್ನೆ ರಿಮೋಟ್ ಡೆಸ್ಕ್‌ಟಾಪ್‌ನ ಪೋರ್ಟ್ 3389 ಬದಲು 3390 ಮಾಡಿದರೆ ಸಾಲದಾ?

ಕ್ರಿಂಪಿಂಗ್ ಟೂಲ್: ಸಾಲದು ಸರ್. ಸ್ಕ್ಯಾನ್ ಮಾಡುವ ಪ್ರೋಗ್ರಾಂಗೆ 3390 ಹುಡುಕುವುದು ಕಷ್ಟವೇನಲ್ಲ. ಫೈರ್‌ವಾಲ್ ಆಮೇಲೆ, ಇವತ್ತೇ ಮೋಡೆಮ್‌ನಲ್ಲಿ ಹೊರಗಿನಿಂದ ಸರ್ವರ್‌ಗೆ ದಾರಿ ಬಿಡುವ ಆ ಪೋರ್ಟ್ ಫಾರ್ವರ್ಡ್ ತೆಗೆಯಿರಿ, ಸಾಧನಗಳು ತಾವೇ ಪೋರ್ಟ್ ತೆರೆದುಕೊಳ್ಳಲು ಬಿಡುವ ಯುಪಿಎನ್‌ಪಿ ಆಫ್ ಮಾಡಿ. ಲಾಗ್‌ನಲ್ಲಿ 4624 ಕೂಡ ನೋಡಿ. ಅದು ಒಳಗೆ ಬಂದವರ ಲೆಕ್ಕ. ಹೊರಗಿನ ಐಪಿಯಿಂದ, ನಿಮ್ಮದಲ್ಲದ ಹೊತ್ತಿನಲ್ಲಿ ಒಂದಿದ್ದರೂ ಕಥೆ ಬೇರೆ.

ಇನ್ನು ಆಯ್ಕೆ. 40ಎಫ್ ಬ್ರೋಷರ್‌ನಲ್ಲಿ 5 ಜಿಬಿಪಿಎಸ್ ಅಂತ ದೊಡ್ಡದಾಗಿ ಇರುತ್ತದೆ, ಅದು ಬರೀ ಫೈರ್‌ವಾಲ್ ವೇಗ. ವೈರಸ್ ತಪಾಸಣೆ, ಐಪಿಎಸ್ (ದಾಳಿ ಗುರುತಿಸಿ ತಡೆಯುವುದು) ಎಲ್ಲ ಹಾಕಿದರೆ 600 ಎಂಬಿಪಿಎಸ್. ಯಾವ ಕಂಪನಿಯದಾದರೂ ಈ ಸಣ್ಣ ಅಂಕಿ ನೋಡಿ. ನಿಮ್ಮ ಲೈನಿಗೆ ಅದು ಜಾಸ್ತಿಯೇ. ಲೈಸೆನ್ಸ್ ಮುಗಿದರೂ ರೂಲ್‌ಗಳು ನಡೆಯುತ್ತವೆ, ಆದರೆ ಹೊಸ ಸಿಗ್ನೇಚರ್, ಅಂದರೆ ಹೊಸ ದಾಳಿಗಳ ಗುರುತು, ಬರುವುದಿಲ್ಲ. ಓಪಿಎನ್‌ಸೆನ್ಸ್ ಪುಕ್ಕಟೆ, ಮನೆಯಿಂದ ಆಫೀಸಿಗೆ ಸುರಕ್ಷಿತ ದಾರಿ ಕೊಡುವ ವೈರ್‌ಗಾರ್ಡ್ ವಿಪಿಎನ್ ಅದರಲ್ಲೇ ಇದೆ, ಆದರೆ ಎರಡು ನೆಟ್‌ವರ್ಕ್ ಕಾರ್ಡ್ ಬೇಕು, ಯುಪಿಎಸ್ ಬೇಕು, ಅಪ್‌ಡೇಟ್ ಹಾಕಲು ಮನುಷ್ಯ ಬೇಕು. ನಿಮ್ಮ ತಮ್ಮ ಊರಲ್ಲೇ ಇದ್ದಾರಾ? ಇದ್ದರೆ ಅದೇ ಹಾಕಿ. ಹಬ್ಬಕ್ಕೆ ಮಾತ್ರ ಬರುವವರಾದರೆ ಬೇಡ.

ರಾತ್ರಿಪಾಳಿ: ಡಿವಿಆರ್ ಬೇರೆ ವಿಎಲ್‌ಎಎನ್‌ಗೆ, ಅಂದರೆ ಬೇರ್ಪಡಿಸಿದ ನೆಟ್‌ವರ್ಕ್‌ಗೆ ಹಾಕಿ. 2016ರಲ್ಲಿ ಮಿರಾಯ್ ಎಂಬ ಮಾಲ್‌ವೇರ್ ಹಬ್ಬಿದ್ದೇ ಡೀಫಾಲ್ಟ್ ಪಾಸ್‌ವರ್ಡ್ ಬದಲಿಸದ ಇಂಥ ಡಬ್ಬಗಳಿಂದ. ಬ್ಯಾಕಪ್ ಡಿಸ್ಕ್ ಕೆಲಸ ಮುಗಿದ ಮೇಲೆ ಕಿತ್ತಿಡಿ.

ಲೆಕ್ಕಪುಸ್ತಕ: ತಮ್ಮ ಇಲ್ಲೇ ಇದ್ದಾನೆ, ಭಾನುವಾರ ಕೂತು ಓಪಿಎನ್‌ಸೆನ್ಸ್ ಹಾಕಿದ. 4624ರಲ್ಲಿ ಹೊರಗಿನವರು ಯಾರೂ ಇಲ್ಲ, ಪಾಸ್‌ವರ್ಡ್ ಎಲ್ಲ ಬದಲಿಸಿದೆವು. ಫಾರ್ವರ್ಡ್ ಅಳಿಸಿಯೂ ಆಯ್ತು. ಆದರೂ 4625 ನಿಂತಿಲ್ಲ! ಇದೇನು ಹಣೆಬರಹ?

ಕ್ರಿಂಪಿಂಗ್ ಟೂಲ್: ಸರ್ವರ್‌ನಲ್ಲೂ ಇನ್ನೊಂದು ಪಿಸಿಯಲ್ಲೂ ಐಪಿಕಾನ್ಫಿಗ್ ಕಮಾಂಡ್ ಕೊಟ್ಟು ಐಪಿ ವಿಳಾಸ ನೋಡಿ ಹೇಳಿ.

ಲೆಕ್ಕಪುಸ್ತಕ: ಪಿಸಿಗಳಿಗೆಲ್ಲ 192.168.50 ಸಾಲು. ಸರ್ವರ್ 192.168.1.10.

ಕ್ರಿಂಪಿಂಗ್ ಟೂಲ್: ಅಲ್ಲೇ ಇದೆ ನೋಡಿ, ಸಾಲು ಬೇರೆ ಅಂದರೆ ನೆಟ್‌ವರ್ಕ್ ಬೇರೆ. ಸರ್ವರ್ ವೈರು ಇನ್ನೂ ಮೋಡೆಮ್‌ನಲ್ಲೇ ಕೂತಿದೆ, ಫೈರ್‌ವಾಲ್ ದಾಟುತ್ತಲೇ ಇಲ್ಲ. ಮೋಡೆಮ್‌ನಲ್ಲಿ ಡಿಎಂಜೆಡ್ ಅಂತ ಒಂದು ಪುಟ ಇರುತ್ತದೆ, ಹೊರಗಿನಿಂದ ಬರುವುದನ್ನೆಲ್ಲ ಒಂದೇ ಕಂಪ್ಯೂಟರಿಗೆ ಕಳಿಸುವ ಸೆಟ್ಟಿಂಗ್, ಅದನ್ನೂ ಆಫ್ ಮಾಡಿ.

ಲೆಕ್ಕಪುಸ್ತಕ: ಸಿಕ್ತು! ರ‍್ಯಾಕ್ ಹಿಂದೆ ನೀಲಿ ವೈರು, ಧೂಳು ಹಿಡಿದು ಸೀದಾ ಮೋಡೆಮ್‌ಗೆ ಹೋಗಿದೆ. ಡಿಎಂಜೆಡ್‌ನಲ್ಲಿ 192.168.1.10 ಬರೆದಿಟ್ಟಿದ್ದಾರೆ, ಅಂದ್ರೆ ಎಲ್ಲ ಪೋರ್ಟೂ ಬಟಾಬಯಲು. ಟ್ಯಾಲಿ ಎಲ್ಲರಿಗೂ ತೆರೆಯುತ್ತಿತ್ತು, ಹಾಗಾಗಿ ಅನುಮಾನವೇ ಬರಲಿಲ್ಲ. ವೈರು ಸ್ವಿಚ್ಚಿಗೆ ಹಾಕಿದೆ, ಡಿಎಂಜೆಡ್ ಆಫ್, ಮನೆಯಿಂದ ಈಗ ವೈರ್‌ಗಾರ್ಡ್. ನಿನ್ನೆ ರಾತ್ರಿಯಿಂದ 4625 ಒಂದೇ ಒಂದು. ಅದು ಹೊಸ ಪಾಸ್‌ವರ್ಡ್ ನಾನೇ ತಪ್ಪು ಒತ್ತಿದ್ದು.